ದೇವರಿಗೆ ಹೋಗುವ ಕರುವಿನ ಫೋಟೊ

ತಮಿಳುನಾಡಿನ ಕಂಬಂ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ, ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಹುಟ್ಟಿದ ಕರು ನಮ್ಮದಲ್ಲ. ಹುಲ್ಲು ತಿನ್ನಲು ಕಲಿಯುವವರೆಗೆ ಸಾಕಿ, ಆಮೇಲೆ ಕುಲದೇವರ ಮಂದೆಗೆ ಬಿಟ್ಟುಬರಬೇಕು. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಹೀಗೆ ಒಂದು ಕರುವನ್ನು ಆಗಲೇ ಕೊಟ್ಟಿದ್ದರು. ಅದರ ಫೋಟೊ ಇದ್ದ ಮೊಬೈಲು ನೀರಿನ ತೊಟ್ಟಿಗೆ ಬಿದ್ದು ಸತ್ತಿತು. "ಅದ್ರ ಮೊಕವೇ ಮರ್ತೋಯ್ತು ಕಣ್ಣು" ಎಂದು ಅತ್ತೆ, ಎಂದಿನಂತೆ ನನ್ನನ್ನು ಮುದ್ದಿನಿಂದ 'ಕಣ್ಣು' ಎಂದೇ ಕರೆದು, ಹೇಳಿದಾಗ ನನಗೆ ಸಂಕಟವಾಯಿತು. ಈಗ ಎರಡನೆಯದೂ ಹೊರಡುವ ದಿನ ಹತ್ತಿರವಾಗಿತ್ತು.

ನನ್ನ ಮೊಬೈಲಿನಲ್ಲೇ ತೆಗೆದು ಕಾಗದದ ಮೇಲೆ ಹಾಕಿಸಿಕೊಡುತ್ತೇನೆ ಎಂದರೆ ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಅಪ್ಪನ ಹಳೆಯ ರೀಲ್ ಕ್ಯಾಮೆರಾದಲ್ಲಿ ತೆಗೆದ ತಮ್ಮ ಮದುವೆಯ ಫೋಟೊ ಇನ್ನೂ ಗೋಡೆಯ ಮೇಲೆ ಗಟ್ಟಿಯಾಗಿದೆ, ಅದರಲ್ಲೇ ಆಗಬೇಕು ಎಂದರು. ಕದ್ದು ಮೊಬೈಲಿನಲ್ಲೂ ತೆಗೆಯಬಹುದಿತ್ತು, ಆದರೆ ಅವರ ಕಣ್ಣು ತಪ್ಪಿಸುವ ಧೈರ್ಯ ಯಾರಿಗಿದೆ? ಅಪ್ಪನ ಬೀರುವಿನಿಂದ ಕ್ಯಾಮೆರಾ ಹುಡುಕಿ, ಅಂಚೆಯಲ್ಲಿ ತರಿಸಿದ ಒಂದೇ ಒಂದು ರೀಲ್ ಇಟ್ಟುಕೊಂಡು, ಕರು ಹೊರಡುವ ಮುನ್ನಾದಿನ ದಿಂಡಿಗಲ್ಲಿನಲ್ಲಿ ಬಸ್ಸು ಹತ್ತಿದೆ.

ದಾರಿಯಲ್ಲಿ ಎರಡು ವಿಡಿಯೊ ನೋಡಿ ಮಹಾ ಪಂಡಿತಳಾದೆ. ಕಿಂಡಿಯಲ್ಲಿ ನೋಡು, ಗುಂಡಿ ಒತ್ತು, ಹೆಬ್ಬೆರಳಲ್ಲಿ ಹಲ್ಲಿನ ಚಕ್ರ ತಿರುಗಿಸು. ಇದಕ್ಕೇನು ಮಹಾ ವಿದ್ಯೆ ಬೇಕು? ಹಟ್ಟಿಯ ಮುಂದೆ ಅತ್ತೆ ಕರುವಿನ ಕುತ್ತಿಗೆ ತಬ್ಬಿ ನಿಂತರು. ನಾನು ಒತ್ತಿದೆ, ತಿರುಗಿಸಿದೆ, ಒತ್ತಿದೆ. ತೆಗೆದ ಫೋಟೊಗಳ ಲೆಕ್ಕ ತೋರಿಸುವ ಕಿಂಡಿಯಲ್ಲಿ ಹನ್ನೊಂದು ಬಂತು. ಅತ್ತೆ ಮಾತ್ರ ನನ್ನ ಮುಖ ನೋಡದೆ ನನ್ನ ಕೈಯನ್ನೇ ನೋಡುತ್ತಿದ್ದರು.

"ಆ ಪಕ್ಕದ ತಿರುಪು ಯಾಕ್ ಸುತ್ತಾ ಇಲ್ಲೆ?"

ಅದು ಕೊನೆಗೆ ರೀಲನ್ನು ವಾಪಸು ಸುತ್ತುವ ತಿರುಪು, ಈಗ ಸುತ್ತಬೇಕಾಗಿಲ್ಲ ಎಂದು ತಮಿಳಿನಲ್ಲಿ ಗದರಿದೆ. ಕೋಪ ಬಂದರೆ ನನಗೆ ಮನೆಯ ಮಾತು ಕೈಕೊಡುತ್ತದೆ.

"ನೀ ಈ ಕಡೆ ಎಳುದ್ರೆ ಆ ಕಡೆ ಬಿಚ್ಚ್ಕೋಬೇಕಲ್ಲ? ಕುಡಿ ಹಿಡೀಲಿಲ್ಲೆ. ತೆಗಿ."

ಬೆಳಕು ಬಿದ್ದರೆ ರೀಲು ಪೂರ್ತಿ ಹಾಳು, ಬೇರೆ ರೀಲಿಲ್ಲ ಎಂದೆ.

"ಹೊರಗೇ ಬರ್ದೆ ಇರಾದ್ರ ಮೇಲೆ ಬೆಳಕು ಎಂಗೆ ಬೀಳ್ತದೆ?"

ನೆರಳಿಗೆ ಹೋಗಿ, ಕಣ್ಣು ಮುಚ್ಚಿಕೊಂಡೇ ಹಿಂಬದಿಯ ಬಾಗಿಲು ತೆಗೆದೆ. ನೋಡಿದರೆ ರೀಲಿನ ತುದಿ ಚಕ್ರಕ್ಕೆ ಸಿಕ್ಕದೆ ಸುಮ್ಮನೆ ಮಲಗಿತ್ತು. ಹನ್ನೊಂದು ಸಲವೂ ನಾನು ಬರೀ ಗಾಳಿ ಸುತ್ತಿದ್ದೆ. ನಲವತ್ತು ವರ್ಷ ದ್ರಾಕ್ಷಿ ಚಪ್ಪರದ ತಂತಿಗೆ ಕುಡಿ ಕಟ್ಟಿದ ಕೈಗಳು ಕ್ಯಾಮೆರಾ ತೆಗೆದುಕೊಂಡವು. ಅತ್ತೆ ತುದಿಯನ್ನು ಸೀಳಿಗೆ ತೂರಿಸಿ, ಬಿಗಿಯಾಗಿ ಒಂದು ಸುತ್ತು ಸುತ್ತಿ, ಮೆಲ್ಲಗೆ ಎಳೆದು ನೋಡಿದರು. ಬಾಗಿಲು ಮುಚ್ಚಿ ಚಕ್ರ ತಿರುಗಿಸಿದಾಗ ಪಕ್ಕದ ತಿರುಪೂ ಸುತ್ತಿತು. ಜನ್ಮದಲ್ಲಿ ರೀಲ್ ಕ್ಯಾಮೆರಾ ಮುಟ್ಟದ ಹೆಂಗಸು! ನನ್ನ ಜಂಭ ಇಳಿಯಿತು. ಆ ಕೈಗಳಿಗೆ ಮುತ್ತಿಡಬೇಕು ಅನ್ನಿಸಿತು, ನಾಚಿಕೆಯಿಂದ ಇಡಲಿಲ್ಲ.

ಸಂಜೆಯೊಳಗೆ ರೀಲು ಮುಗಿಸಿದೆವು. ಮರುದಿನ ಅತ್ತೆ ಕರುವಿನ ಹಣೆಗೆ ಅರಿಶಿನ ಹಚ್ಚಿ ಮಂದೆಗೆ ಬಿಟ್ಟುಬಂದರು. ಅಳಲಿಲ್ಲ, ಎರಡು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮಧುರೈಯಲ್ಲಿ ತೊಳೆಸಿದ ಫೋಟೊಗಳು ಮೂರು ವಾರಕ್ಕೆ ಬಂದವು. ಕರು ಒಂದು ಕಡೆ ನಿಂತಿದ್ದರಲ್ಲವೇ! ಮುಕ್ಕಾಲು ಪಾಲು ಬರೀ ಮಸುಕು. ಒಂದರಲ್ಲಿ ಮಾತ್ರ ಕಿವಿ ನಿಮಿರಿಸಿ, ಮೂತಿಯ ನೊರೆಯೂ ಕಾಣುವಂತೆ ನಿಂತಿತ್ತು. ಅದರಲ್ಲಿ ಅತ್ತೆ ಕುತ್ತಿಗೆಯವರೆಗೆ ಮಾತ್ರ ಬಂದಿದ್ದರು. ನಾನು ಕ್ಷಮೆ ಕೇಳುವುದರೊಳಗೆ "ನನ್ ತಲೆ ಯಾರ್ಗೆ ಬೇಕು" ಎಂದು ನಕ್ಕು ಅದನ್ನು ಎದೆಗೊತ್ತಿಕೊಂಡರು.

ಕೆಲವು ತಿಂಗಳ ನಂತರ ಇಬ್ಬರೂ ಮಂದೆ ನೋಡಲು ಹೋದೆವು. ಅತ್ತೆ ಫೋಟೊ ಕೈಯಲ್ಲಿ ಹಿಡಿದು ದನಗಳ ನಡುವೆ ಬಹಳ ಹೊತ್ತು ಸುತ್ತಾಡಿದರು. ಕರೆದರು. ಯಾವುದೂ ತಲೆ ಎತ್ತಲಿಲ್ಲ.

"ಸಿಕ್ತಾ ಅತ್ತೆ?"

"ಇಲ್ಲೆ. ಎಲ್ಲಾ ಒಂದೇ ತರ ಬೆಳ್ದವೆ."

ಅತ್ತೆ ಫೋಟೊದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

"ಅಲ್ಲಿರಾದು ಸಾಮಿದು, ಕಣ್ಣು. ಇದು ನಂದು."