ಗಾಳಿಯಲ್ಲಿ ಸ್ನಾನ ಮಾಡಿಸುವ ಊರು

ಮಾಲೂರಿನ ಕಾರ್ಖಾನೆಗೆ ಕಾಲಿಟ್ಟ ಮೊದಲ ದಿನವೇ ನನ್ನ ಅಂಗೈಗೆ ಒಂದು ಉಂಡೆ ಬೆಲ್ಲ ಬಂತು. ಹೊಸ ಸುರಕ್ಷತಾ ಅಧಿಕಾರಿಗೆ ಸ್ವಾಗತವಿರಬೇಕು ಎಂದುಕೊಂಡು ನಕ್ಕೆ. "ತಿನ್ಕೊಂಬಿಡಿ ಮೇಡಂ, ಒಳಗಡೆ ಧೂಳು ಜಾಸ್ತಿ. ಬೆಲ್ಲ ತಿಂದ್ರೆ ಎಲ್ಲಾ ಕೆಳಗಿಳ್ದೋಗುತ್ತೆ," ಎಂದರು ಮ್ಯಾನೇಜರ್ ಮುನಿರಾಜು. ತಮಾಷೆಯಲ್ಲ. ಬಾಗಿಲ ಪಕ್ಕ ಒಂದು ಡಬ್ಬಿ ತುಂಬ ಬೆಲ್ಲವಿತ್ತು, ಅದರ ಮೇಲೆ ‘ಸುರಕ್ಷತಾ ಸಾಮಗ್ರಿ’ ಎಂದು ಅಂಟಿಸಿದ್ದರು. ಬೆಲ್ಲ ಹೋಗುವ ದಾರಿ ಬೇರೆ, ಉಸಿರು ಹೋಗುವ ದಾರಿ ಬೇರೆ ಎಂಬುದನ್ನು ಇಂಜಿನಿಯರಿಂಗ್ ಓದಿದ ಆ ಮಹಾಶಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ತಯಾರಾಗುವುದು ಬಣ್ಣಕ್ಕೆ ಬೆರೆಸುವ ನ್ಯಾನೋ ಪುಡಿ. ಗದಗಿನ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕೆಂದರೆ, ಇದು ರಸ್ತೆಯಲ್ಲಿ ಏಳುವ ಧೂಳಲ್ಲ. ಬೇಕೆಂದೇ ಅಷ್ಟು ಸಣ್ಣದಾಗಿ ಮಾಡಿದ ಕಣ. ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯ ಮಾಸ್ಕಿಗೆ ಸಿಕ್ಕುವುದಿಲ್ಲ, ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಇಳಿದ ಮೇಲೆ ಏನೇನು ಮಾಡುತ್ತದೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ. ಅದಕ್ಕೇ ಪುಡಿಯನ್ನು ಮುಚ್ಚಿದ ಪೆಟ್ಟಿಗೆಯೊಳಗೇ ಚೀಲಕ್ಕೆ ತುಂಬಬೇಕು, ಅಲ್ಲೇ ಗಾಳಿ ಎಳೆದುಕೊಳ್ಳುವ ಯಂತ್ರವಿರಬೇಕು, ಮುಖಕ್ಕೆ ಬಿಗಿಯಾಗಿ ಕೂರುವ ಫಿಲ್ಟರ್ ಮಾಸ್ಕ್ ಕೊಡಬೇಕು, ಒಣ ಪೊರಕೆ ಮುಟ್ಟಕೂಡದು. ಇಷ್ಟನ್ನೂ ಹೇಳಿ ಮುಗಿಸಿದಾಗ ಮುನಿರಾಜು ಕುರ್ಚಿಗೆ ಒರಗಿ, "ಪ್ರೂಫ್ ಏನಿದೆ ಮೇಡಂ? ಯಾರಾನಾ ಸತ್ತವ್ರಾ ಇಲ್ಲಿ?" ಎಂದರು. ಗೊತ್ತಿಲ್ಲ ಎಂಬುದನ್ನೇ ಈ ಮಂದಿ ಲೈಸೆನ್ಸ್ ಮಾಡಿಕೊಂಡಿದ್ದಾರೆ. ಅವರ ಕೋಣೆಯಲ್ಲಿ ಮಾತ್ರ ಗಾಳಿ ಶುದ್ಧ ಮಾಡುವ ಮೆಷಿನ್ ಹಗಲೆಲ್ಲ ಗುಂಯ್ ಎನ್ನುತ್ತಿತ್ತು.

ಮನೆ ಹುಡುಕುವಾಗಲೂ ಇಂಥದ್ದೇ ಪಾಂಡಿತ್ಯ. ಬೀಗ ತೆಗೆಯುವ ಮೊದಲೇ "ನೀವು ಯಾವ ಜನ?" ಎಂದು ಜಾತಿ ವಿಚಾರಣೆ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬ ನನ್ನ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಏನನ್ನೂ ಕೇಳದೆ ಬೀಗದ ಕೈ ಕೊಟ್ಟವಳು ರತ್ನಮ್ಮ ಒಬ್ಬಳೇ. ನಮ್ಮ ಕಾರ್ಖಾನೆಯಲ್ಲೇ ಚೀಲ ತುಂಬುವವಳು, ಆಂಧ್ರದ ಗಡಿಗಂಟಿದ ರಾಯಲ್ಪಾಡಿನಿಂದ ಬಂದು ಮಾಲೂರಿನಲ್ಲಿ ನೆಲೆಯಾದವಳು. ಇದ್ದ ಎರಡು ಕೋಣೆಯಲ್ಲಿ ಒಂದನ್ನು ನನಗೆ ಬಾಡಿಗೆಗೆ ಬಿಟ್ಟಳು. ಜೋಳದ ರೊಟ್ಟಿ ತಿಂದು ಬೆಳೆದ ನಾನು ಅವಳಿಕ್ಕಿದ ಮುದ್ದೆಯನ್ನು ಅಗಿಯುತ್ತ ಕೂತಾಗ, "ಅಯ್ಯೋ, ಮುದ್ದೆ ಅಗೀತಾರಾ ಯಾರಾನಾ? ಬಸ್ಸಾರಲ್ಲಿ ಅದ್ದಿ ನುಂಗ್ಬಿಡಿ ಮೇಡಂ!" ಎಂದು ಬಿದ್ದೂ ಬಿದ್ದೂ ನಕ್ಕಳು. ಕಣ್ಣಲ್ಲಿ ನೀರು ಬಂದರೂ ನುಂಗಿದೆ. ಇಲ್ಲಿ ಎಲ್ಲವನ್ನೂ ಅಗಿಯದೆ ನುಂಗುತ್ತಾರೆ, ಮ್ಯಾನೇಜರರ ಮಾತನ್ನೂ.

ರತ್ನಮ್ಮ ಕೆಮ್ಮುತ್ತಿದ್ದಳು. ಆಸ್ಪತ್ರೆಗೆ ಹೋಗೋಣ ಎಂದರೆ "ಪರ್ವಾಲೇದು" ಎನ್ನುತ್ತಿದ್ದಳು. ತೆಲುಗಿನಲ್ಲಿ ‘ಪರವಾಗಿಲ್ಲ’ ಎಂದರ್ಥ. ಈ ಸೀಮೆಯ ಕನ್ನಡದಲ್ಲಿ ಉಪ್ಪಿನ ಹಾಗೆ ಎಲ್ಲದಕ್ಕೂ ಬೀಳುವ ಮಾತು. ಎಳೆದುಕೊಂಡು ಹೋದೆ. ಡಾಕ್ಟರು ತಲೆಯೆತ್ತದೆ "ಧೂಳಿಂದ ದೂರ ಇರಿ" ಎಂದು ಸಿರಪ್ ಬರೆದುಕೊಟ್ಟರು. ಏನು ಕೆಲಸ ಮಾಡುತ್ತೀಯಮ್ಮಾ ಎಂದು ಕೇಳುವಷ್ಟು ಪುರಸೊತ್ತು ಅವರಿಗಿರಲಿಲ್ಲ. ಅವಳ ಕೆಮ್ಮಿಗೆ ಆ ಪುಡಿಯೇ ಕಾರಣವೆಂದು ನಾನು ಆಣೆ ಮಾಡಲಾರೆ. ಆದರೆ ದಿನವೂ ಅದರ ನಡುವೆಯೇ ನಿಂತರೆ ಅವಳ ಎದೆಯ ಗತಿ ಏನೆಂದು ಹೆದರುತ್ತಿದ್ದೆ, ಈಗಲೂ ಹೆದರುತ್ತೇನೆ.

ಇದನ್ನೋದಿ ಗದಗಿನವರು ಮೀಸೆ ತಿರುವಬೇಕಾಗಿಲ್ಲ. ನಮ್ಮವ್ವ ಅಲ್ಲಿನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯಿಂದ ಬೀಜ ಬಿಡಿಸಿ ಸಂಜೆ ಬರುವಾಗ ಹುಬ್ಬು ಕೂಡ ಬೆಳ್ಳಗಾಗಿರುತ್ತಿತ್ತು. ಅಲ್ಲಿಯೂ ಕೈಗೆ ಬೆಲ್ಲವನ್ನೇ ಇಟ್ಟು ಕಳಿಸುತ್ತಿದ್ದರು. ಅವಳೀಗ ನನ್ನ ತಮ್ಮನ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳನ್ನು ಆಡಿಸುತ್ತಾಳೆ, ಕೆಮ್ಮುತ್ತಾಳೆ. ಥೂ, ಎಲ್ಲಿ ಹೋದರೂ ಒಂದೇ ಜಾತಿಯ ಮಾಲೀಕರು.

ಆಯುಧಪೂಜೆಯ ಹಿಂದಿನ ದಿನ ಜಗಳ ಹತ್ತಿತು. ಪೂಜೆಗೆ ಮುಂಚೆ ಯಂತ್ರಗಳಿಗೆ ಸ್ನಾನವಾಗಬೇಕು, ಅದು ಪದ್ಧತಿ. ಇವರು ಸ್ನಾನ ಮಾಡಿಸುವುದು ಗಾಳಿಯಲ್ಲಿ! ಕಂಪ್ರೆಸರಿಗೆ ಪೈಪು ಸಿಕ್ಕಿಸಿ, ಸಂದಿಗೊಂದಿಯಲ್ಲಿ ಕೂತ ಪುಡಿಯನ್ನೆಲ್ಲ ಬುಸ್ಸೆಂದು ಹಾರಿಸುತ್ತಾರೆ. ಯಂತ್ರ ಥಳಥಳ ಹೊಳೆಯುತ್ತದೆ, ಪುಡಿಯೆಲ್ಲ ಸುತ್ತ ನಿಂತ ಹೆಂಗಸರ ಮೂಗಿಗೆ. ಪೈಪು ಹಿಡಿಯುವ ಕೆಲಸ ರತ್ನಮ್ಮನದು. ನಾನು ಹೋಗಿ ಗಾಳಿಯ ವಾಲ್ವ್ ಮುಚ್ಚಿ, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮುನಿರಾಜು ಓಡಿ ಬಂದರು. "ಹಬ್ಬದ ಹೊತ್ತಲ್ಲಿ ಇದೇನ್ ಮೇಡಂ ಅಪಶಕುನ? ಸ್ನಾನ ಆಗ್ದೆ ಮೆಷಿನ್‌ಗೆ ಪೂಜೆ ಹೆಂಗ್ ಮಾಡೋದು?"

ಸಿಟ್ಟು ಬಂದರೆ ನನ್ನ ಬಾಯಿಂದ ಗದಗವೇ ಹೊರಡುತ್ತದೆ. "ನಿಮ್ಮನೀ ದೇವರಿಗೆ ಪೈಪ್ ಹಿಡದು ಗಾಳಿ ಊದತೀರೇನ್ರಿ? ನೀರ ಹಾಕತೀರಿಲ್ಲೋ?"

ಹೆಂಗಸರೆಲ್ಲ ಘೊಳ್ಳೆಂದರು. "ಮೇಡಂ ಹೇಳೋದೂ ಸರಿನೇ ಅಲ್ವಾ ಸಾರ್?" ಎಂದಳು ರತ್ನಮ್ಮ. ಕರೆಂಟು ತೆಗೆಸಿದೆ. ಹೊಡೆದಾಡಿ ತರಿಸಿದ್ದ ಫಿಲ್ಟರ್ ಮಾಸ್ಕುಗಳನ್ನು ಎಲ್ಲರಿಗೂ ಹಾಕಿಸಿದೆ. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಯಂತ್ರ ಒರೆಸಿ, ಒರೆಸಿದ ಬಟ್ಟೆಯನ್ನು ಚೀಲಕ್ಕೆ ತುಂಬಿ ಬಾಯಿ ಬಿಗಿದೆವು. ಮರುದಿನ ಬೂದುಗುಂಬಳ ಒಡೆದಾದ ಮೇಲೆ ಮುನಿರಾಜು ಮಾಲೀಕರ ಮುಂದೆ ಹಲ್ಲು ಕಿರಿದು, "ಈ ಸಲ ಒಂದು ಹೊಸಾ ಐಡಿಯಾ ಮಾಡಿದೀನಿ ಸಾರ್, ಡಸ್ಟೇ ಇಲ್ಲ," ಎಂದರು. ನಾಚಿಕೆ ಎಂಬುದು ಆ ಮುಖದ ಹತ್ತಿರವೂ ಸುಳಿದದ್ದಲ್ಲ.

ಹಬ್ಬ ಕಳೆದು ಕಾರ್ಖಾನೆ ತೆರೆಯಿತು. ವಾಲ್ವಿನ ಬೀಗ ಒಡೆದಿತ್ತು, ಪೈಪು ಮತ್ತೆ ಹೊರಗೆ ಬಂದಿತ್ತು. "ಹಬ್ಬ ಮುಗೀತು, ಬೇಗ ಬೇಗ ಊದು," ಎಂದು ಮುನಿರಾಜು ಅದನ್ನು ರತ್ನಮ್ಮನ ಕಡೆ ಚಾಚಿದರು. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ಆಗಲ್ಲ ಸಾರ್. ಎದೆ ನಂದು."

"ಹಂಗಾದ್ರೆ ನಾಳೆಯಿಂದ ಬರ್ಬೇಡ. ಈ ಮೇಡಂನ ನಂಬ್ಕೊಂಡಿದೀಯಾ? ಅವ್ರು ಗದಗಲ್ಲಿ ಕೆಲಸ ನೋಡ್ಕೊಂಡವ್ರೆ. ಹೋದ್ಮೇಲೆ ನಿನ್ ಪರವಾಗಿ ಯಾರು ಮಾತಾಡ್ತಾರೆ?"

ರತ್ನಮ್ಮ ನನ್ನ ಮುಖ ನೋಡಿದಳು. ಆತ ಹೇಳಿದ್ದು ನಿಜ. ಗದಗಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಅಲ್ಲಿಯವರು ನನ್ನ ಬಗ್ಗೆ ವಿಚಾರಿಸಲು ಈತನಿಗೇ ಫೋನು ಮಾಡಿದ್ದಿರಬೇಕು. ಬರುತ್ತೇನೆ ಎಂದು ಅವತ್ತು ಬೆಳಿಗ್ಗೆಯೇ ಅವ್ವನಿಗೆ ಹೇಳಿದ್ದೆ. ರತ್ನಮ್ಮನಿಗೆ ಇನ್ನೂ ಹೇಳಿರಲಿಲ್ಲ.

"ನಾನೆಲ್ಲಿಗೂ ಹೋಗಲ್ಲ," ಎಂದೆ. "ಚೀಲ ತುಂಬೋ ಕಡೆ ಮುಚ್ಚಿದ ಪೆಟ್ಟಿಗೆ ಬರೋವರೆಗೂ ಹೋಗಲ್ಲ. ಇವಳನ್ನ ತೆಗೆದ್ರೆ, ಯಾಕೆ ತೆಗೆದ್ರಿ ಅಂತ ಕಾರ್ಖಾನೆ ಇನ್ಸ್‌ಪೆಕ್ಟರಿಗೆ ನಾನೇ ಹೇಳ್ತೀನಿ."

ಇನ್ಸ್‌ಪೆಕ್ಟರ್ ಎಂಬ ಹೆಸರಿಗೆ ಹೆದರುವಷ್ಟು ಬುದ್ಧಿ ಆತನಿಗಿತ್ತು. ಪೈಪು ನೆಲಕ್ಕೆಸೆದು ಹೋದ. ರತ್ನಮ್ಮನ ಕೆಲಸ ಉಳಿಯಿತು. ಪೆಟ್ಟಿಗೆ ಮಾತ್ರ ಇನ್ನೂ ‘ಬರ್ತಾ ಇದೆ’.

ಅವತ್ತು ಸಂಜೆ ಅವ್ವನ ಫೋನು. "ಯಾವಾಗ ಬರತೀ?"

"ಇಲ್ಲೊಂದು ಪೆಟ್ಟಿಗಿ ಬರೂದೈತಿ. ಅದು ಬಂದ ಮ್ಯಾಲೆ ಬರತೇನವ್ವಾ."

"ಅವರು ಅದನ್ನ ತರಸೂದ್ರಾಗ ನಾನ ಹೋಗಿರತೇನ ತಗೋ," ಎಂದಳು. ಮಾಲೀಕರ ಜಾತಿಯನ್ನು ನನಗಿಂತ ಚೆನ್ನಾಗಿ ಬಲ್ಲವಳು ಅವಳು. ಫೋನನ್ನು ಕಿವಿಗೆ ಒತ್ತಿಕೊಂಡೆ. ಆಗ ಕೆಮ್ಮು ಕೇಳಿಸಿತು, ತಡೆ ತಡೆದು, ಮತ್ತೆ ಮತ್ತೆ. ಫೋನಿನೊಳಗೆ ಅವ್ವನೋ, ಗೋಡೆಯಾಚೆ ರತ್ನಮ್ಮನೋ, ಒಂದು ಗಳಿಗೆ ನನಗೆ ತಿಳಿಯಲಿಲ್ಲ.