ನನ್ನ ಪಾಲಿಗೆ ಬಂದ ಇಂಗ್ಲಿಷ್ ಶಬ್ದ

ಹಿಪ್ಪರಗಿ ಬ್ಯಾರೇಜಿನ ನೀರು ನಮ್ಮ ಊರಿನ ಹೊಲಗಳಿಗೆಲ್ಲ ಇನ್ನೂ ಮುಟ್ಟಿರದ ಕಾಲ ಅದು. ಒಬ್ಬಿಬ್ಬರು ಕಬ್ಬು ಹಚ್ಚಿದ್ದರು, ಉಳಿದವರದೆಲ್ಲ ಜೋಳವೇ. ಜೋಳ ಕೊಯ್ದ ಮೇಲೆ ಹೊಲಗಳು ಬಯಲಾಗಿ ಬಿದ್ದಿರುತ್ತಿದ್ದವು. ಆಗ ರೈತರೇ ಮನೆತನಕ ಬಂದು, ರಾತ್ರಿ ನಮ್ಮ ಹೊಲದಲ್ಲಿ ಕುರಿ ತರುಬಿ ಮಲಗಿಸಿ ಎಂದು ಕರೆಯುತ್ತಿದ್ದರು. ಹಿಂಡು ಮಲಗಿ ಎದ್ದ ಹೊಲಕ್ಕೆ ಹಿಕ್ಕೆಯ ಗೊಬ್ಬರ, ನಮಗೆ ಜೋಳ. ಗಾಳಿ ಬೀಸಿದರೆ ಗಾಣದಲ್ಲಿ ಕುದಿಯುವ ಬೆಲ್ಲದ ವಾಸನೆ ಬರುತ್ತಿತ್ತು, ಗಾಳಿ ನಿಂತರೆ ಕುರಿಯ ಉಣ್ಣೆಯ ವಾಸನೆ.

ಬಾಲ್ಯ ಎಂದರೆ ಎಲ್ಲರೂ ತಮ್ಮದನ್ನು ಬರೆಯುತ್ತಾರೆ. ನನ್ನದು ಮೂರನೇ ಇಯತ್ತೆಗೆ ಮುಗಿದು ಕುರಿಯ ಹಿಂದೆ ಹೋಯಿತು, ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನಾನು ಕಣ್ತುಂಬ ನೋಡಿದ ಬಾಲ್ಯ ನನ್ನ ಮೊಮ್ಮಗಳು ಕಸ್ತೂರಿಯದು.

ಆ ವರ್ಷ ಅವಳು ಏಳನೇ ಇಯತ್ತೆ. ಬೆಳಗ್ಗೆ ಸಂಜೆ ಕುರಿಮರಿಗಳ ಜವಾಬ್ದಾರಿ ಅವಳದೇ. ಸಾಲಿ ಬಿಟ್ಟ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ಬರುತ್ತಿದ್ದಳು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ನಾನು ಉಣ್ಣುವಾಗ ಅವಳು ಬದುವಿನ ಮೇಲೆ ನಿಂತು ಮರಿಗಳಿಗೆ ಇಂಗ್ಲಿಷ್ ಪಾಠ ಓದಿ ಹೇಳುತ್ತಿದ್ದಳು. ಮರಿಗಳಿಗೆ ತಿಳಿದಷ್ಟೇ ನನಗೂ ತಿಳಿಯುತ್ತಿತ್ತು. ಆದರೂ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು. ದಾರಿಯಲ್ಲಿ ಸೈಕಲ್ ಮೇಲೆ ಹೋಗುವವರನ್ನೂ ನಿಲ್ಲಿಸಿ, ಸ್ವಲ್ಪ ಕೇಳಿ ಹೋಗಿ ಅಂತಿದ್ದೆ.

ಇಷ್ಟರಲ್ಲಿ ನನ್ನ ಮಗ ಯಲ್ಲಪ್ಪ, ಕಸ್ತೂರಿಯ ಅಪ್ಪ, ಏಳನೆಯದು ಮುಗಿದ ಮೇಲೆ ಸಾಲಿ ಸಾಕು ಎಂದು ತೀರ್ಮಾನ ಮಾಡಿದ್ದ. ಹೈಸ್ಕೂಲು ಇದ್ದದ್ದು ಮಹಾಲಿಂಗಪುರದಲ್ಲಿ, ದಿನಾ ಬಸ್ಸು. ಅವನು ಟ್ರ್ಯಾಕ್ಟರ್ ಹೊಡೆಯುವವನು, ಮರಿ ನೋಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಸ್ತೂರಿ ನನ್ನ ಹತ್ತಿರ ಬಂದು ಕೂತಳು.

“ಮುತ್ಯಾ, ನೀ ಹೇಳಿದ್ರ ಅಪ್ಪ ಕೇಳ್ತಾನ.”

“ಹೇಳ್ತೇನಿ ಬೇ,” ಅಂದೆ. ಅಂದು ಹದಿನೈದು ದಿನ ಕಳೆದೆ. ಮಗನ ಎದುರು ಕೂತರೆ ಮಳೆಯ ಮಾತು, ಮೇವಿನ ಮಾತು ಆಡಿ ಎದ್ದುಬರುತ್ತಿದ್ದೆ. ಮನೆಯ ಭಾರ ಅವನ ಹೆಗಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು.

ಆಗಲೇ ಸಾಲಿಯ ಹೊಸ ಮಾಸ್ತರರು ಐದು ಇಂಗ್ಲಿಷ್ ಶಬ್ದ ಕೊಟ್ಟು ಕಳಿಸಿದ್ದರು. ಎಲ್ಲವೂ ವಾದ ಮಾಡುವ ಶಬ್ದಗಳಂತೆ. ಒಂದೊಂದಕ್ಕೂ ಒಂದು ವಾಕ್ಯ ಬರೆಯಬೇಕು, ಗೈಡು ನೋಡಬಾರದು, ನಾಲ್ಕು ಮಂದಿ ವಾದ ಮಾಡುವುದನ್ನು ಕೇಳಿಸಿಕೊಂಡು ಯಾರು ಹೇಗೆ ಮಾತಾಡಿದರು ಎಂದು ಬರೆಯಬೇಕು. ಕ್ಲೇಮ್ ಅಂದರೆ ಪುರಾವೆ ಇರಲಿ ಬಿಡಲಿ, ಹೀಗೇ ಇದೆ ಅನ್ನುವುದು. ಆರ್ಗ್ಯೂ ಅಂದರೆ ಕಾರಣ ಕೊಡುತ್ತ ವಾದಿಸುವುದು. ಡಿನೈ ಅಂದರೆ ಅಲ್ಲ ಅನ್ನುವುದು. ಅಡ್ಮಿಟ್ ಅಂದರೆ ಹೌದು ನನ್ನದೇ ತಪ್ಪು ಅನ್ನುವುದು. ಐದನೆಯದು ಇನ್ಸಿಸ್ಟ್, ಅದರ ಅರ್ಥ ಮಾತ್ರ ಅವಳಿಗೂ ಇನ್ನೂ ಸರಿಯಾಗಿ ಹೇಳಲು ಬಂದಿರಲಿಲ್ಲ. ಬದುವಿನ ಮೇಲೆ ಕೂತು ಅವಳು ಇವನ್ನು ನನಗೆ ಉರು ಹೊಡೆಸಿದಳು. ಇವತ್ತಿಗೂ ಮರೆತಿಲ್ಲ.

ವಾದ ಹುಡುಕಿಕೊಂಡು ಹೋಗುವುದೇ ಬೇಕಾಗಲಿಲ್ಲ. ಮರುದಿನ ಪಕ್ಕದ ಹೊಲದ ಮಲಗೌಡರು ತಮ್ಮನನ್ನು ಕರೆದುಕೊಂಡು ಬಂದರು. ನಮ್ಮ ಕುರಿ ತಮ್ಮ ಕಬ್ಬಿನ ಎಳೆ ಸುಳಿ ತಿಂದಿವೆ ಎಂದರು. ಕಬ್ಬಿನ ಸಾಲಿನಲ್ಲಿ ಗೊರಸಿನ ಗುರುತು ಇದೆ, ಹತ್ತಿರದಲ್ಲಿ ಬೇರೆ ಯಾರ ಹಿಂಡೂ ಇಲ್ಲ ಎಂದು ಅವರ ತಮ್ಮ ಒಂದೊಂದೇ ಕಾರಣ ಎಣಿಸಿದ. ನಿಜವಾಗಿ ಕಬ್ಬು ತಿಂದದ್ದು ಯಾರೋ ಬಿಟ್ಟ ಎಮ್ಮೆ. ಅದು ಕಬ್ಬಿನಿಂದ ಹೊರಗೆ ಬರುವುದನ್ನು ನಾನೂ ಕಸ್ತೂರಿಯೂ ನೋಡಿದ್ದೆವು. ಆದರೆ ನಾಳೆ ನಮ್ಮ ಹಿಂಡು ನೀರಿಗೆ ಹೋಗಬೇಕಾದದ್ದು ಅವರ ಬದುವಿನ ಮೇಲೆಯೇ. ನಾನು ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡೆ.

“ತಪ್ಪಾತ್ರಿ ಗೌಡ್ರ,” ಅಂದೆ.

ಅವರು ಹೋದರು. ಕಸ್ತೂರಿ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಕೂತಳು. ಓದು ನೋಡೋಣ ಎಂದೆ. ಕ್ಲೇಮ್ ಮಲಗೌಡರಿಗೆ ಹೋಗಿತ್ತು, ಆರ್ಗ್ಯೂ ಅವರ ತಮ್ಮನಿಗೆ.

“ನನಗ ಯಾವ್ದು ಕೊಟ್ಟೀ?”

“ನಿನಗ ಅಡ್ಮಿಟ್, ಮುತ್ಯಾ.” ಬೆರಳಿಟ್ಟು ಸಾಲು ಎಣಿಸಿ, “ಡಿನೈ ಖಾಲಿ ಉಳೀತು. ನಮ್ಮ ಕುರಿ ಅಲ್ರಿ ಅಂತ ನೀ ಒಂದ ಮಾತು ಅಂದಿದ್ರ ತುಂಬ್ತಿತ್ತು,” ಅಂದಳು.

ಅವಳು ಸಿಟ್ಟಿನಿಂದ ಹೇಳಲಿಲ್ಲ, ವಾಕ್ಯ ಸಿಗಲಿಲ್ಲ ಎಂಬ ಬೇಸರದಿಂದ ಹೇಳಿದಳು. ಅದಕ್ಕೇ ನನಗೆ ಹೆಚ್ಚು ನಾಟಿತು. ಅರವತ್ತು ವರ್ಷ ನಾನು ಅಡ್ಮಿಟ್ ಎಂಬ ಅದೊಂದೇ ಶಬ್ದದಲ್ಲಿ ಸಂಸಾರ ಮಾಡಿದ್ದೆ.

ಅವತ್ತು ಹೊತ್ತು ಮುಳುಗುವಾಗ ಯಲ್ಲಪ್ಪ ಉಣ್ಣಲು ಕೂತ. ಕಸ್ತೂರಿ ತಾನೇ ಮಾತು ತೆಗೆದಳು. ಊರಿನಿಂದ ಇನ್ನೂ ಇಬ್ಬರು ಹುಡುಗಿಯರು ಬಸ್ಸಿಗೆ ಬರುತ್ತಾರೆ, ಹೋಗುವ ಮೊದಲು ಮರಿಗಳಿಗೆ ಹಾಲು ಕುಡಿಸಿಯೇ ಹೋಗುತ್ತೇನೆ ಎಂದು ಎಷ್ಟು ಚೆಂದ ಹೇಳಿದಳು! ಅವನು ಒಂದೊಂದನ್ನೂ ತಳ್ಳಿಹಾಕಿದ. ಕೊನೆಗೆ ನನ್ನ ಕಡೆ ತಿರುಗಿದ.

“ನೀ ಏನಂತೀಯಪಾ?”

ಕುರಿಯ ಹಿಂದೆ ನಡೆಯುತ್ತ ನಾನು ಎಷ್ಟೋ ಕಾರಣ ಜೋಡಿಸಿಟ್ಟುಕೊಂಡಿದ್ದೆ. ಆ ಹೊತ್ತಿಗೆ ಒಂದೂ ನೆನಪಿಗೆ ಬರಲಿಲ್ಲ.

“ಅಕಿ ಸಾಲಿಗೆ ಹೋಗ್ಲಿ.”

“ಮರಿ ಯಾರ್ ನೋಡ್ತಾರ?”

“ಅಕಿ ಹೋಗ್ಲಿ.”

“ಯಾಕ ಹೋಗ್ಬೇಕು, ಅದನ್ನರ ಹೇಳು.”

“ಹೇಳಾಕ ನನಗ ಬರೂದಿಲ್ಲ. ಅಕಿ ಹೋಗ್ಲಿ.”

ಅವನು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದು ಎದ್ದುಹೋದ. ಹುಡುಗಿ ಕಟ್ಟಿದ್ದ ವಾದವನ್ನೆಲ್ಲ ನಾನೇ ಕೆಡಿಸಿದೆ ಅನಿಸಿತು. ಕಸ್ತೂರಿ ನೋಟ್‌ಬುಕ್ ತಂದು ನನ್ನ ಮಗ್ಗುಲಲ್ಲಿ ಕೂತು ಓದಿದಳು: “ಮೈ ಗ್ರಾಂಡ್‌ಫಾದರ್ ಇನ್ಸಿಸ್ಟ್ಸ್.”

ಹಂಗಂದ್ರೇನು ಎಂದು ಕೇಳಿದೆ.

“ಮಂದಿ ಏನರ ಅನ್ಲಿ, ಹಿಡದ ಮಾತು ಬಿಡಲಾರದ ಕುಂದ್ರೂದು.”

ಡಿನೈ ಖಾಲಿಯೇ ಹೋಯಿತು. ಇದೊಂದು ಯಾಕೆ ಬರೆದಿಲ್ಲ ಎಂದು ಮಾಸ್ತರರು ಕೇಳಿದಾಗ, ಅಲ್ಲ ಅನ್ನುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದಳಂತೆ.

ಸಾಲಿ ಸುರುವಾಗುವ ಹೊತ್ತಿಗೆ ಯಲ್ಲಪ್ಪ ನನಗೆ ಒಂದು ಮಾತೂ ಹೇಳದೆ ಮಗಳನ್ನು ಟ್ರ್ಯಾಕ್ಟರ್ ಮೇಲೆ ಕೂಡಿಸಿಕೊಂಡು ಮಹಾಲಿಂಗಪುರಕ್ಕೆ ಹೋಗಿ ಹೆಸರು ಹಚ್ಚಿಸಿ ಬಂದ. ಆದರೆ ಅವನ ಪ್ರಶ್ನೆ ಸುಳ್ಳಿರಲಿಲ್ಲ. ಬೆಳಗಿನ ಹಾಲು ಕುಡಿಸಿ ಹೋದರೂ ಕತ್ತಲಾಗಿ ಬಸ್ಸು ಬರುವತನಕ ಮರಿ ನೋಡುವವರಿರಲಿಲ್ಲ. ಮರುವರ್ಷ ಅರ್ಧ ಹಿಂಡು ಮಾರಿದೆವು. ಆಮೇಲೆ ಕಾಲುವೆಯ ನೀರು ಬಂತು, ಎಲ್ಲರೂ ಕಬ್ಬು ಹಚ್ಚಿದರು, ಕುರಿ ತರುಬಲು ಒಂದು ಬಯಲೂ ಉಳಿಯಲಿಲ್ಲ. ಉಳಿದರ್ಧವೂ ಹೋಯಿತು.

ಈಗ ಕಸ್ತೂರಿ ಮುಧೋಳದ ಒಂದು ಸಾಲಿಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳ ಫೋನು ಬಂದರೆ ನಾನು ಸ್ಪೀಕರ್ ಹಚ್ಚಿ ಕಟ್ಟೆಯ ಮೇಲೆ ಕೂರುತ್ತೇನೆ, ಓಣಿಯವರೂ ಕೇಳಲಿ ಎಂದು. ನನ್ನ ಹಿಗ್ಗು ನನ್ನೊಳಗೆ ಹಿಡಿಸುವುದಿಲ್ಲ.

ಮಲಗೌಡರಿಗೂ ವಯಸ್ಸಾಗಿದೆ. ದಾರಿಯಲ್ಲಿ ಸಿಕ್ಕರೆ, ಆರಾಮೇನೋ ಎನ್ನುತ್ತಾರೆ. ಅವರ ಮುಖ ನೋಡಿದಾಗೆಲ್ಲ ಆ ಖಾಲಿ ಸಾಲು ನೆನಪಾಗುತ್ತದೆ. ಇವತ್ತು ಅದನ್ನು ತುಂಬುವ ಧೈರ್ಯ ನನಗಿದೆ. ರುಮಾಲು ತಲೆಯ ಮೇಲಿಂದ ತೆಗೆಯದೆ, ನಮ್ಮ ಕುರಿ ಅಲ್ರೀ ಗೌಡ್ರ ಎಂದು ಹೇಳಬಲ್ಲೆ. ಹೇಳಲು ಒಂದು ಕುರಿಯೂ ಇಲ್ಲ.