ಬಲೆ ಎರಡು ಸಲ ಅಟ್ಟ ಸೇರಿದ ವರ್ಷ

ಅವ್ವ ಮೀನಿನ ಹೊಟ್ಟೆ ಸೀಳುವಾಗ ಜಾರದಂತೆ ಬೂದಿ ಹಚ್ಚಿಕೊಡುವುದು ಚಿಕ್ಕಂದಿನಿಂದ ನನ್ನ ಕೆಲಸ. ವಿಶ್ವವಿದ್ಯಾಲಯದ ಓದು ಮುಗಿಸಿ ದೇವಾಪುರದ ಹತ್ತಿರದ ನಮ್ಮ ಊರಿಗೆ ಮರಳಿದ ವರ್ಷವೂ ಅದು ತಪ್ಪಲಿಲ್ಲ. ಮಾವ, ಅಂದರೆ ಅವ್ವನ ತಮ್ಮ, ಹಳ್ಳದಲ್ಲಿ ಬಲೆ ಬೀಸುತ್ತಿದ್ದ. ಅವ್ವ ಮೀನನ್ನು ಸುರಪುರದ ಸಂತೆಗೆ ಒಯ್ಯುತ್ತಿದ್ದಳು. ಮನೆ ನಡೆಯುತ್ತಿದ್ದುದು ಅದರಿಂದಲೇ.

ನಮ್ಮ ಓಣಿಯಲ್ಲಿ ಒಂದು ಕಟ್ಟಳೆ ಇದೆ. ಬೇಸಿಗೆ ಕಳೆದು ಹಳ್ಳ ಮೊದಲ ಸಲ ತುಂಬಿ ಹರಿದ ದಿನ ಎಲ್ಲರೂ ಬಲೆ ತೊಳೆದು ಅಟ್ಟಕ್ಕೆ ಕಟ್ಟಬೇಕು. ಗೆಂಡೆ ಮೀನುಗಳು ಹರಿವಿಗೆ ಎದುರಾಗಿ ಏರಿ ತತ್ತಿ ಇಡುವ ಕಾಲ ಅದು. ನೀರು ತಿಳಿಯಾದ ಮೇಲೆ ಗಂಗಮ್ಮನಿಗೆ ಕಾಯಿ ಒಡೆದು ಬಲೆ ಇಳಿಸುವುದು.

ಗದ್ದೆಗಳಿಗೆ ನೀರುಣಿಸುವ ಕಾಲುವೆ ಬಂದ ಮೇಲೂ ಯಾರೂ ಕಟ್ಟಳೆ ಮುರಿಯಲಿಲ್ಲ. ಆದರೆ ಮೊದಲ ಮಳೆಗಳನ್ನು ನಮ್ಮ ಕಪ್ಪು ಮಣ್ಣಿನ ಎರೆ ಹೊಲಗಳೇ ಕುಡಿದುಬಿಡುತ್ತವೆ. ಅವು ತಣಿದು ಹಳ್ಳಕ್ಕೆ ನೀರು ಬಿಡುವ ಮೊದಲೇ ಕಾಲುವೆಯ ಗೇಟು ತೆರೆಯುತ್ತಿತ್ತು. ಗದ್ದೆಗಳಿಂದ ಬಸಿದ ನೀರು ಹಳ್ಳ ತುಂಬುತ್ತಿತ್ತು. ಆ ವರ್ಷವೂ ಜನ ಅದನ್ನು ನೋಡಿ ಬಲೆ ಕಟ್ಟಿದರು. ಗೇಟಿನ ನೀರು ಬೇಗ ತಿಳಿಯಾಯಿತು, ಕಾಯಿ ಒಡೆದು ಬಲೆ ಇಳಿಸಿದರು. ಆಮೇಲೆ ದೊಡ್ಡ ಮಳೆ ಹೊಡೆಯಿತು.

ಆ ವಾರ ಅವ್ವ ಸೀಳಿದ ಗೆಂಡೆಗಳಲ್ಲೆಲ್ಲ ತತ್ತಿ. ಈಗೀಗ ಬೇಸಿಗೆಯಲ್ಲಿ ಹಳ್ಳದ ಮಡುವಿನಲ್ಲಿ ಬೆರಳುದ್ದದ ಮರಿಯೂ ಸಿಗುವುದಿಲ್ಲವೆಂದು ಮಾವ ಗೊಣಗುತ್ತಿದ್ದುದು ನೆನಪಾಯಿತು.

"ಮಾವ, ಬಲಿ ಮತ್ತ ಕಟ್ಟಬೇಕು," ಅಂದೆ.

"ಒಮ್ಮೆ ಕಟ್ಟೀವಲ್ಲ! ಎರಡ ಸಲ ಕಾಯಿ ಒಡಿಯಾಕ ನಿಮ್ಮಪ್ಪಂದು ತೆಂಗಿನ ತ್ವಾಟ ಐತೇನು?"

"ಆಗ ಬಂದಿದ್ದು ಗೇಟಿನ ನೀರು. ಮೀನು ಏರಾಕತ್ತಿದ್ದು ಈಗ."

"ನಿನ್ನ ಕಿವ್ಯಾಗ ಬಂದು ಹೇಳ್ಯಾವೇನವಾ?"

ನಾನು ಮಾತು ಬೆಳೆಸುವವಳಲ್ಲ. ಅವ್ವನ ಕಡೆ ತಿರುಗಿದೆ. "ಅವ್ವಾ, ಕಾಲುವಿ ಬರೂಕ್ಕಿಂತ ಮೊದಲ, ಬಲಿ ಇಳಿಸಿದ ಮ್ಯಾಲ ಸಿಗೋ ಮೀನಿನ ಹೊಟ್ಟಿ ಹೆಂಗಿರತಿತ್ತು?"

ಅವ್ವನ ಕೈ ಈಳಿಗೆಯ ಮೇಲೆ ನಿಂತಿತು. "ಖಾಲಿ. ತತ್ತಿ ಇಟ್ಟಾಗಿರತಿತ್ತು," ಅಂದಳು. ಮರುಕ್ಷಣವೇ ಸಿಡುಕಿದಳು: "ಮತ್ತ ಸಂತ್ಯಾಗ ಏನ್ ಮಾರಲಿ? ನಿನ್ನ ಸರ್ಟಿಫಿಕೇಟ್ ಮಾರಲೇನು?"

"ಒಣಮೀನು ಅದಾವಲ್ಲ, ಅವನ್ನ ಮಾರು. ನಾನೂ ಮಾವನೂ ಭತ್ತದ ನಾಟಿಗೆ ಕೂಲಿ ಹೋಗತೀವಿ."

"ನೀನು? ಕೆಸರಾಗ?" ಮಾವ ನಕ್ಕ.

"ಹೌದು, ನಾನು."

ಸಂಜೆ ಗಂಗಮ್ಮನ ಕಟ್ಟೆಯಲ್ಲಿ ಕೂತವರಿಗೂ ಅದೇ ಮಾತು ಹೇಳಿದೆ. "ಮುಂದಿನ ವರ್ಷ ನೋಡಿದ್ರಾತು," ಅಂದರು. ಒಬ್ಬ ಹಿರಿಯ, "ನೀವು ಕಟ್ರಿ, ನಿಮ್ಮ ಪಾಲಿನ ಮೀನು ನಾವು ಹಿಡಿತೀವಿ," ಎಂದು ಎಲ್ಲರನ್ನೂ ನಗಿಸಿದ. ಮನೆಗೆ ಬಂದು ನಾನೇ ಬಲೆ ತೊಳೆದೆ. ಮಾವ ಏಣಿ ಹಿಡಿದ.

ಗದ್ದೆಯಲ್ಲಿ ನನ್ನ ಸೊಂಟ ಹಿಡಿದುಕೊಂಡಿತು, ಕಾಲ್ಬೆರಳ ಸಂದುಗಳು ಬಿರಿದವು. ದಾರಿಯಲ್ಲಿ ದಿನವೂ ಹಳ್ಳಕ್ಕೆ ಇಳಿದು ಬೊಗಸೆಯಲ್ಲಿ ನೀರೆತ್ತಿ ನೋಡುತ್ತಿದ್ದೆ. ಕೆಂಪು ಕಪ್ಪು ಬೆರೆತ ರಾಡಿ. ನಮ್ಮ ಬಲೆಯೊಂದೇ ಅಟ್ಟದ ಮೇಲಿತ್ತು. ನಾಟಿ ಬಿಟ್ಟು ಹೋಗೋಣವೆಂದು ಮಾವ ಒಮ್ಮೆಯೂ ಅನ್ನಲಿಲ್ಲ, ಹಳ್ಳದ ಕಡೆ ನೋಡುತ್ತಲೂ ಇರಲಿಲ್ಲ.

ಕೊನೆಗೆ ಬೊಗಸೆಯ ನೀರಿನಲ್ಲಿ ನನ್ನ ಅಂಗೈ ಗೆರೆಗಳು ಕಂಡವು. ಅವ್ವ ಕಾಯಿ ಒಡೆದಳು, ಮಾವ ಬಲೆ ಬೀಸಿದ. ಮೊದಲು ಸಿಕ್ಕ ಗೆಂಡೆಯನ್ನು ಅವ್ವ ಬಾಗಿಲ ಮುಂದೆಯೇ ಸೀಳಿ, ಒಳಗೆ ಬೆರಳಾಡಿಸಿ, ಎದುರಿನ ಗಂಗಮ್ಮನ ಕಟ್ಟೆಯ ಮೇಲಿದ್ದವರಿಗೆ ಕೇಳುವಂತೆ ಕೂಗಿದಳು:

"ಖಾಲಿ ಐತಿ! ಬಂದು ನೋಡ್ರಿ!"

ಒಬ್ಬೊಬ್ಬರೇ ಎದ್ದು ಬಂದರು. ನಗಿಸಿದ್ದ ಹಿರಿಯನೂ ಬಂದು ಬಗ್ಗಿ ನೋಡಿದ.